ಗರ್ಭಿಣಿಯರೂ ಹೊಸ ನೌಕರಿಯೂ

ನೌಕರಿಯನ್ನು ಬಯಸಿ ಸಂದರ್ಶನಕ್ಕೆ ಬಂದ ತರುಣಿಯನ್ನು ಅವಳ ವಿದ್ಯೆ, ಅನುಭವ, ಕಾರ್ಯದಕ್ಷತೆಗಳ ವಿಷಯವಾಗಿ ಪ್ರಶ್ನಿಸಿದ ತರುವಾಯ, 'ಮದುವೆಯಾಗಿ ಎಷ್ಟು ವರ್ಷವಾಯಿತು? ಮಕ್ಕಳಿವೆಯೆ? ಸದ್ಯದಲ್ಲಿ ಆ ಯೋಚನೆಯೇನಾದರೂ ಉಂಟೆ?' ಎಂದು ಕೇಳುವ ಪದ್ಧತಿಯು ನಮ್ಮ ಪಟ್ಟಣಗಳಲ್ಲಿ ಇನ್ನೂ ನಿಂತಿಲ್ಲ. ಅವಳ ಹಿಂದೆಯೇ ಬಂದು ಅದೇ ಕುರ್ಚಿಯಲ್ಲಿ ಕುಳಿತ ತರುಣನು ವಿವಾಹಿತನಾಗಿದ್ದರೆ ಜವಾಬ್ದಾರಿಯುಳ್ಳವನೆಂಬ ಮನ್ನಣೆಗೆ ಪಾತ್ರನಾಗುತ್ತಾನೆ. ತರುಣಿಯು ವಿವಾಹಿತೆಯಾಗಿದ್ದರೆ ಇಂದೋ ನಾಳೆಯೋ ರಜೆ ಬೇಡುವವಳೆಂಬ ಸಂಶಯಕ್ಕೆ ಗುರಿಯಾಗುತ್ತಾಳೆ. ಈ ಒಂದು ಸಂಶಯವು ಎಷ್ಟು ಸಂಸಾರಗಳ ಬಾಳಿನ ಕ್ರಮವನ್ನೇ ಕೆಡಿಸುತ್ತಿದೆ ಎಂಬುದನ್ನು ಸರಕಾರದವರೂ ಉದ್ಯಮಪತಿಗಳೂ ಮಹಾಜನರೂ ಶಾಂತಚಿತ್ತದಿಂದ ಆಲೋಚಿಸಬೇಕೆಂದು ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನೇಮಕದ ಆಜ್ಞೆಯು ಕೈಸೇರುವ ಹೊತ್ತಿಗೆ ತಾನು ಮೂರು ತಿಂಗಳ ಗರ್ಭಿಣಿಯೆಂದು ತಿಳಿದವಳು, ಸಂತೋಷಪಡಬೇಕಾದ ಎರಡು ಸಂಗತಿಗಳೂ ಒಟ್ಟಿಗೆ ಬಂದುದಕ್ಕಾಗಿ ಕಣ್ಣೀರಿಡುತ್ತಾಳೆ. ಮಗುವನ್ನು ಬಯಸುವವಳು ಮೊದಲು ಕೆಲಸವು ಖಾಯಮ್ಮಾಗಲಿ, ಆಮೇಲೆ ಬಡ್ತಿಯಾಗಲಿ ಎಂದು ವರುಷ ವರುಷಕ್ಕೂ ಮುಂದೂಡುತ್ತಾಳೆ. ಕಚೇರಿಯ ಲೆಕ್ಕ ಸರಿಹೋಗುವಷ್ಟರಲ್ಲಿ ದೇಹಧರ್ಮದ ಲೆಕ್ಕ ತಪ್ಪುತ್ತದೆ. ಮೂವತ್ತೈದು ದಾಟಿದ ಮೇಲೆ ಗರ್ಭಧಾರಣೆಯ ಶಕ್ತಿಯು ಬೇಗಬೇಗನೆ ಕುಂದುವುದೆಂದು ವೈದ್ಯರು ಹೇಳುತ್ತಾರೆ. ಮೇಲಧಿಕಾರಿಯ ಅನುಕೂಲಕ್ಕಾಗಿ ಪ್ರಕೃತಿಯು ಕಾಯುವುದಿಲ್ಲ. ಇನ್ನೊಬ್ಬಳು ಇದ್ದ ಕೆಲಸದಲ್ಲಿ ಅವಮಾನವನ್ನೂ ಅಲ್ಪ ಸಂಬಳವನ್ನೂ ನುಂಗಿಕೊಂಡು, ಹೊಸ ಕಡೆಗೆ ಹೋದರೆ ಹೆರಿಗೆಯ ರಜೆ ಸಿಕ್ಕುವುದೋ ಇಲ್ಲವೋ ಎಂಬ ಭಯದಿಂದ ಅಲ್ಲಿಯೇ ಉಳಿಯುತ್ತಾಳೆ. ಈ ಮೂವರನ್ನೂ ವಾಚಕರು ತಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಕಂಡೇ ಇದ್ದಾರೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಮ್ಮ ಸಂವಿಧಾನದ 42ನೆಯ ಅನುಚ್ಛೇದವು ಹೆರಿಗೆಯ ಸಹಾಯಕ್ಕೆ ಏರ್ಪಾಡು ಮಾಡುವುದು ರಾಜ್ಯದ ಕರ್ತವ್ಯವೆಂದು ವಿಧಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯು 12 ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತ್ತು. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳ ಮಟ್ಟಿಗೆ ಅದನ್ನು 26 ವಾರಗಳಿಗೆ ಏರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದೇ ವಿಧಿಗಳು ಸೇರಿಕೊಂಡಿವೆ. ಹೆರಿಗೆಯ ನಿಮಿತ್ತ ಗೈರುಹಾಜರಾದವಳನ್ನು ಕೆಲಸದಿಂದ ತೆಗೆಯಕೂಡದು. ಅವಳ ಸೇವಾನಿಯಮಗಳನ್ನು ಅವಳಿಗೆ ನಷ್ಟವಾಗುವಂತೆ ಮಾರ್ಪಡಿಸಕೂಡದು. 50 ಮಂದಿ ಕೆಲಸಮಾಡುವಲ್ಲಿ ಶಿಶುಗೃಹವಿರಬೇಕು. ನೇಮಕವಾದ ದಿನವೇ ಈ ಸೌಲಭ್ಯಗಳನ್ನು ಅವಳಿಗೆ ಬರೆವಣಿಗೆಯ ಮೂಲಕ ತಿಳಿಸಬೇಕು. ಇಷ್ಟೆಲ್ಲ ಗ್ರಂಥಸ್ಥವಾಗಿದೆ.

ಹೊಸದಾಗಿ ಸೇರುವವಳಿಗೆ ಮುಖ್ಯವಾದ ಷರತ್ತು ಒಂದೇ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳುಗಳಲ್ಲಿ ಆ ಸಂಸ್ಥೆಯಲ್ಲಿ ಅವಳು 80 ದಿನ ಕೆಲಸ ಮಾಡಿರಬೇಕು. ಈ ಷರತ್ತನ್ನು ಕೇಳಿಯೇ ಅನೇಕರು ಹೆದರುತ್ತಾರೆ. ಲೆಕ್ಕಹಾಕಿ ನೋಡಿದವರು ವಿರಳ. ಗರ್ಭದ ಪೂರ್ಣಾವಧಿಯು 40 ವಾರಗಳೆಂದು ಹಿಡಿದರೆ, 12ನೆಯ ವಾರದಲ್ಲಿ ಸೇರಿದವಳಿಗೆ ಹೆರಿಗೆಗೆ 8 ವಾರ ಮುಂಚಿತವಾಗಿ ರಜೆಯ ಮೇಲೆ ಹೋಗುವ ತನಕ 20 ವಾರಗಳು ದೊರೆಯುತ್ತವೆ. ವಾರಕ್ಕೆ ಐದೇ ದಿನ ಕೆಲಸವೆಂದರೂ 100 ದಿನಗಳಾದವು. ಐದನೆಯ ತಿಂಗಳಲ್ಲಿ ಸೇರಿದವಳು ಕೂಡ ರಜೆಯನ್ನು ಸ್ವಲ್ಪ ತಡವಾಗಿ ಆರಂಭಿಸಿದರೆ ಈ ಮೊತ್ತವನ್ನು ಮುಟ್ಟಬಲ್ಲಳು. ಅಂದಮೇಲೆ ಗರ್ಭಿಣಿಯಾದವಳು ಹೊಸ ಕೆಲಸಕ್ಕೆ ಸೇರುವುದನ್ನು ಕಾನೂನು ನಿಷೇಧಿಸಿಲ್ಲ. ಅಂತಹ ಪ್ರಸಂಗವನ್ನು ಮುಂಗಂಡು ಅದಕ್ಕೆ ಅವಕಾಶವನ್ನೇ ಇಟ್ಟಿದೆ. ಕೆಲಸದ ಅರ್ಜಿಯಲ್ಲಿ ಗರ್ಭದ ಸಂಗತಿಯನ್ನು ಹೇಳಿಕೊಳ್ಳಬೇಕೆಂದೂ ಹೆರಿಗೆ ಸೌಲಭ್ಯದ ಈ ವಿಧಿಗಳಲ್ಲಿ ಎಲ್ಲಿಯೂ ವಿಧಿಸಿಲ್ಲ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗಿದೆ. ಕಾನೂನು ಕಾಯುವುದು ಒಳಗೆ ಬಂದು ಕುಳಿತವಳನ್ನು. ಹೊಸ್ತಿಲ ಹೊರಗೆ ನಿಂತವಳಿಗೆ ಅದರ ನೆರಳು ತಲಪುವುದಿಲ್ಲ. ಗರ್ಭಿಣಿಯನ್ನು ಕೆಲಸದಿಂದ ತೆಗೆದುಹಾಕಿದರೆ ಅಪರಾಧ. ಗರ್ಭಿಣಿಯೆಂಬ ಕಾರಣಕ್ಕೆ ಕೆಲಸಕ್ಕೆ ತೆಗೆದುಕೊಳ್ಳದಿದ್ದರೆ, ಆ ಕಾರಣವನ್ನು ಬಾಯಿಬಿಟ್ಟು ಹೇಳದಷ್ಟು ಜಾಣತನ ಮಾಲೀಕನಿಗಿದ್ದರೆ ಸಾಕು, ಕೇಳುವವರಿಲ್ಲ. ಪರೀಕ್ಷಾರ್ಥ ಸೇವೆಯಲ್ಲಿರುವವಳ ಪಾಡೂ ಹೆಚ್ಚು ಭಿನ್ನವಲ್ಲ. 'ಕೆಲಸ ತೃಪ್ತಿಕರವಾಗಿಲ್ಲ' ಎಂಬ ಒಂದೇ ವಾಕ್ಯವು ಎಂತಹ ಅನ್ಯಾಯವನ್ನಾದರೂ ಮುಚ್ಚಬಲ್ಲುದು.

ಇದು ಕೇವಲ ನಮ್ಮ ಊಹೆಯಲ್ಲ. ಸ್ವತಂತ್ರ ಭಾರತದ ಸರಕಾರವೂ ಸಾರ್ವಜನಿಕ ಸಂಸ್ಥೆಗಳೂ ಈ ತಪ್ಪನ್ನು ಒಂದಲ್ಲ, ಹಲವು ಸಲ ಮಾಡಿವೆ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ಆ ಸೇವೆಯ ಹೆಂಗಸರು ಮದುವೆಯಾಗಲು ಸರಕಾರದ ಅನುಮತಿ ಪಡೆಯಬೇಕಾಗಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುವುದೆಂದು ಸರಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಾಗಿತ್ತು. ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ, 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇಂತಹ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಏರ್ ಇಂಡಿಯಾದ ಗಗನಸಖಿಯರ ಸೇವೆಯು ಮೊದಲ ಗರ್ಭದೊಂದಿಗೇ ಮುಗಿಯುವುದೆಂಬ ನಿಯಮವನ್ನು ಅದೇ ನ್ಯಾಯಾಲಯವು 1981ರಲ್ಲಿ ರದ್ದುಮಾಡಿತು.

ಇವೆರಡೂ ಸೇವೆಯಲ್ಲಿದ್ದವರ ಮಾತಾಯಿತು. ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು ಜೀವ ವಿಮಾ ನಿಗಮದ ಮೊಕದ್ದಮೆ. ಅಲ್ಲಿ ಹೊಸದಾಗಿ ನೇಮಕವಾಗುವ ಸ್ತ್ರೀಯರು ತಮ್ಮ ಮುಟ್ಟಿನ ವಿವರ, ಗರ್ಭಧಾರಣೆಯ ವಿವರಗಳನ್ನು ಘೋಷಣಾಪತ್ರದಲ್ಲಿ ಬರೆದುಕೊಡಬೇಕಾಗಿತ್ತು. 1989ರಲ್ಲಿ ಸೇರಿದ ಒಬ್ಬ ಸಹಾಯಕಿಯು ಪರೀಕ್ಷಾರ್ಥ ಸೇವೆಯಲ್ಲಿರುವಾಗಲೇ ಹೆರಿಗೆಯ ರಜೆ ಪಡೆದಳು. ರಜೆಯಲ್ಲಿರುವಾಗಲೇ ಅವಳನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಘೋಷಣಾಪತ್ರದಲ್ಲಿ ಸುಳ್ಳು ಬರೆದಿದ್ದಳೆಂದು ನಿಗಮವು ವಾದಿಸಿತು. ಆ ಪ್ರಶ್ನೆಗಳೇ ಸ್ತ್ರೀಯ ಮಾನಕ್ಕೆ ಕುಂದು ತರುವಂಥವೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆಯೂ ಆ ಕಲಮುಗಳನ್ನು ತೆಗೆದುಹಾಕುವಂತೆಯೂ ಆಜ್ಞೆ ಮಾಡಿತು.

ಇಷ್ಟಾದರೂ ಪಾಠ ಕಲಿಯಲಿಲ್ಲ. ಮೂವತ್ತು ವರ್ಷಗಳ ತರುವಾಯ, 2021ರ ಡಿಸೆಂಬರಿನ ಕೊನೆಯ ದಿನ, ಭಾರತೀಯ ಸ್ಟೇಟ್ ಬ್ಯಾಂಕು ಸುತ್ತೋಲೆಯೊಂದನ್ನು ಹೊರಡಿಸಿತು. ಮೂರು ತಿಂಗಳಿಗೆ ಮೀರಿದ ಗರ್ಭವುಳ್ಳ ಅಭ್ಯರ್ಥಿಯು 'ತಾತ್ಕಾಲಿಕವಾಗಿ ಅನರ್ಹಳು'. ಹೆರಿಗೆಯಾದ ನಾಲ್ಕು ತಿಂಗಳೊಳಗೆ ಬಂದು ಸೇರಬಹುದು ಎಂದು ಅದರ ತಾತ್ಪರ್ಯ. ಅದಕ್ಕೆ ಹಿಂದೆ ಆರು ತಿಂಗಳ ಗರ್ಭದ ವರೆಗೆ ಸೇರಲು ಅವಕಾಶವಿತ್ತು. ದೇಶದಲ್ಲಿ ಪ್ರತಿಭಟನೆ ಎದ್ದಿತು. ದೆಹಲಿಯ ಮಹಿಳಾ ಆಯೋಗವು ನೋಟೀಸು ಕೊಟ್ಟಿತು. 2022ರ ಜನವರಿ 29ರಂದು ಬ್ಯಾಂಕು ಸುತ್ತೋಲೆಯನ್ನು ತಡೆಹಿಡಿಯಿತು. ದೇಶದ ಅತಿ ದೊಡ್ಡ ಬ್ಯಾಂಕಿನಲ್ಲಿ, ಎಲ್ಲರ ಕಣ್ಣೆದುರಿಗೆ ಇಂತಹ ನಿಯಮ ಹುಟ್ಟಬಹುದಾದರೆ, ಸುತ್ತೋಲೆಯನ್ನೇ ಬರೆಯದೆ ಕೆಲಸ ಸಾಧಿಸುವ ಸಣ್ಣಪುಟ್ಟ ಕಚೇರಿಗಳಲ್ಲಿ ಏನು ನಡೆಯುತ್ತಿರಬಹುದು?

ಮಾಲೀಕರ ಪಕ್ಷದ ಮಾತನ್ನೂ ನಾವು ಕೇಳಬೇಕು. ಎಲ್ಲರೂ ಸ್ತ್ರೀದ್ವೇಷಿಗಳೆಂದು ನಾವು ಹೇಳುವುದಿಲ್ಲ. ಹತ್ತು ಹನ್ನೆರಡು ಮಂದಿಯನ್ನು ಇಟ್ಟುಕೊಂಡು ವ್ಯವಹಾರ ನಡಸುವವನು ಒಬ್ಬಳಿಗೆ ಆರು ತಿಂಗಳ ಪೂರ್ಣ ವೇತನವನ್ನು ಕೈಯಿಂದ ಕೊಟ್ಟು, ಅವಳ ಸ್ಥಾನದಲ್ಲಿ ಬಂದವನಿಗೂ ವೇತನ ಕೊಡಬೇಕಾದಾಗ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಅದು ಅಸಹಜವಲ್ಲ. ನೌಕರರ ರಾಜ್ಯ ವಿಮಾ ಯೋಜನೆಯ ಹೊರಗಿರುವ ಸಂಸ್ಥೆಗಳಲ್ಲಿ ಈ ಭಾರವೆಲ್ಲ ಮಾಲೀಕನೊಬ್ಬನದೇ. 2017ರಲ್ಲಿ ಸರಕಾರವು ರಜೆಯನ್ನು ಇಮ್ಮಡಿಗಿಂತಲೂ ಹೆಚ್ಚಿಸಿ ಕೀರ್ತಿಯನ್ನು ತಾನು ತೆಗೆದುಕೊಂಡು, ಖರ್ಚಿನ ಪಟ್ಟಿಯನ್ನು ಪರರ ಕೈಗಿತ್ತಿತು. ಆ ಪಟ್ಟಿಯನ್ನು ಮಾಲೀಕನು ಮತ್ತೊಬ್ಬರ ಕೈಗೆ ದಾಟಿಸಿದನು. ಕಟ್ಟಕಡೆಗೆ ಅದನ್ನು ತೆತ್ತವಳು ಕೆಲಸ ಸಿಕ್ಕದೆ ಮನೆಗೆ ಹಿಂದಿರುಗಿದ ತರುಣಿ.

ಈ ದೋಷವನ್ನು ದೂರದೃಷ್ಟಿಯಿಂದ ಕಂಡವರು ನಮ್ಮಲ್ಲಿಲ್ಲದೆ ಇರಲಿಲ್ಲ. 1928ರಲ್ಲಿ ಮುಂಬಯಿ ಶಾಸನಸಭೆಯ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಪ್ರಸವಕಾಲದಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಅವಶ್ಯವೆಂದೂ, ಆದಕಾರಣ ಅದರ ಭಾರದ ಬಹುಪಾಲನ್ನು ಸರಕಾರವೇ ಹೊರುವುದು ಯುಕ್ತವೆಂದೂ ಅವರ ಅಭಿಪ್ರಾಯ. 1929ರಲ್ಲಿ ಕಾಯಿದೆಯೇನೋ ಆಯಿತು. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳು ಅಂದು ಆ ಪ್ರಾಂತ್ಯದಲ್ಲಿಯೇ ಇದ್ದವು. ಆದರೆ ಭಾರವು ಮಾಲೀಕನ ತಲೆಯ ಮೇಲೆಯೇ ಉಳಿಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆಯೂ ಇದೇ ತತ್ತ್ವವನ್ನು ಹೇಳುತ್ತದೆ: ಹೆರಿಗೆಯ ವೇತನವು ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕು, ಕೆಲಸಕ್ಕೆ ಬಂದವಳನ್ನು ಗರ್ಭಪರೀಕ್ಷೆಗೆ ಗುರಿಪಡಿಸುವುದನ್ನು ನಿಷೇಧಿಸಬೇಕು. ಈ ಒಡಂಬಡಿಕೆಗೆ ಭಾರತವು ಇನ್ನೂ ಸಮ್ಮತಿಯ ಮುದ್ರೆ ಒತ್ತಿಲ್ಲ.

ನಿಧಿಯ ಏರ್ಪಾಡು ನಮಗೆ ಹೊಸದೂ ಅಲ್ಲ. ರಾಜ್ಯ ವಿಮಾ ಯೋಜನೆಯಲ್ಲಿ 2019ರಿಂದ ಮಾಲೀಕನು ವೇತನದ ಶೇಕಡಾ 3.25ನ್ನೂ ನೌಕರನು ಶೇಕಡಾ 0.75ನ್ನೂ ವಂತಿಗೆಯಾಗಿ ಕೊಡುತ್ತಾರೆ. ಹೆರಿಗೆಯ ಹಣವು ಆ ನಿಧಿಯಿಂದಲೇ ಸಲ್ಲುತ್ತದೆ. ಗಂಡಸರನ್ನು ಇಟ್ಟುಕೊಂಡ ಮಾಲೀಕನೂ ಅಷ್ಟೇ ಕೊಡುತ್ತಾನೆ, ಹೆಂಗಸರನ್ನು ಇಟ್ಟುಕೊಂಡವನೂ ಅಷ್ಟೇ ಕೊಡುತ್ತಾನೆ. ಆದುದರಿಂದ ಅಲ್ಲಿ ಗರ್ಭಿಣಿಯನ್ನು ಹೊರಗಿಡುವುದರಲ್ಲಿ ವೇತನದ ಉಳಿತಾಯವಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರ್ತಿಯರಿಗೆ ಅನ್ವಯಿಸುವ ಈ ನ್ಯಾಯವು, ವೇತನಮಿತಿಗೆ ಮೇಲ್ಪಟ್ಟ ಗುಮಾಸ್ತೆ, ಉಪಾಧ್ಯಾಯಿನಿ, ಎಂಜಿನಿಯರರಿಗೆ ಏಕೆ ಅನ್ವಯಿಸಬಾರದು?

'ಸೇರಿದ ಐದೇ ತಿಂಗಳಿಗೆ ರಜೆಯೆ? ಇದು ಮೋಸವಲ್ಲವೆ?' ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. 30 ವರ್ಷ ದುಡಿಯುವ ಸ್ತ್ರೀಯು ಎರಡು ಹೆರಿಗೆಗಳಿಗೆ ತೆಗೆದುಕೊಳ್ಳುವ ರಜೆಯು 52 ವಾರ, ಎಂದರೆ ಮೂವತ್ತರಲ್ಲಿ ಒಂದು ಪಾಲು. ಆ ಒಂದು ಪಾಲು ಮೊದಲನೆಯ ವರ್ಷದಲ್ಲಿ ಬಂದರೇನು, ಐದನೆಯ ವರ್ಷದಲ್ಲಿ ಬಂದರೇನು? ಆರು ತಿಂಗಳಿಗಾಗಿ ಇಪ್ಪತ್ತೊಂಬತ್ತು ವರ್ಷಗಳ ದಕ್ಷತೆಯನ್ನು ತಿರಸ್ಕರಿಸುವವನು ಚತುರ ವ್ಯಾಪಾರಿಯೆನಿಸಲಾರನು. ಕಷ್ಟಕಾಲದಲ್ಲಿ ತನ್ನನ್ನು ಕೈಬಿಡದ ಸಂಸ್ಥೆಗೆ ನೌಕರರು ಎಷ್ಟು ನಿಷ್ಠರಾಗಿರುತ್ತಾರೆಂಬುದೂ ಅನುಭವಿಗಳಿಗೆ ತಿಳಿಯದ ಸಂಗತಿಯಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಗರ್ಭ, ಮಕ್ಕಳು, ವಿವಾಹಗಳ ವಿಷಯವನ್ನು ಸಂದರ್ಶನದಲ್ಲಿ ಕೇಳುವುದನ್ನೂ, ಗರ್ಭದ ಕಾರಣದಿಂದ ನೇಮಕವನ್ನು ನಿರಾಕರಿಸುವುದನ್ನೂ ಸ್ಪಷ್ಟ ಶಬ್ದಗಳಲ್ಲಿ ದಂಡನಾರ್ಹವಾಗಿ ಮಾಡಬೇಕು. ಎರಡನೆಯದಾಗಿ, ಹೆರಿಗೆಯ ವೇತನದ ಭಾರವನ್ನು ಎಲ್ಲ ಮಾಲೀಕರೂ ಸರಕಾರವೂ ಕೂಡಿ ತುಂಬುವ ನಿಧಿಗೆ ವಹಿಸಬೇಕು. ಮೂರನೆಯದಾಗಿ, ಪರೀಕ್ಷಾರ್ಥ ಸೇವೆಯಲ್ಲಿರುವ ಗರ್ಭಿಣಿಯನ್ನು ಬಿಡುಗಡೆ ಮಾಡುವವನು ಲಿಖಿತ ಕಾರಣವನ್ನು ಕಾರ್ಮಿಕ ಇಲಾಖೆಗೆ ಒಪ್ಪಿಸುವಂತಾಗಬೇಕು. ನಾಲ್ಕನೆಯದಾಗಿ, ತಂದೆಗೂ ರಜೆ ಬೇಕು. ಕೇಂದ್ರ ಸರಕಾರದ ನೌಕರರಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಸಂಸ್ಥೆಗಳನ್ನು ಬಂಧಿಸುವ ಅಂತಹ ಕಾನೂನಿಲ್ಲ. ಮಗುವಿನ ನಿಮಿತ್ತ ಗಂಡಸೂ ರಜೆ ತೆಗೆದುಕೊಳ್ಳುವಂತಾದರೆ, ಸಂಶಯದ ದೃಷ್ಟಿಯು ಹೆಣ್ಣೊಬ್ಬಳ ಮೇಲೆಯೇ ಬೀಳುವುದು ತಪ್ಪುತ್ತದೆ.

ಈ ಮಾತುಗಳೆಲ್ಲ ಕಚೇರಿ ಕಾರ್ಖಾನೆಗಳ ಬಾಗಿಲನ್ನು ಮುಟ್ಟಿದವರಿಗೆ ಸಂಬಂಧಿಸಿದವು. ಹೊಲಗದ್ದೆಗಳಲ್ಲಿ, ಪರರ ಮನೆಗಳಲ್ಲಿ ದುಡಿಯುವ ಕೋಟ್ಯಂತರ ಸ್ತ್ರೀಯರಿಗೆ 26 ವಾರಗಳ ಈ ರಜೆ ಕನಸಿನ ಮಾತು. ಅವರ ಪ್ರಶ್ನೆಯು ಇದಕ್ಕಿಂತ ದೊಡ್ಡದು. ಸಾರ್ವಜನಿಕ ನಿಧಿಯೊಂದು ಸ್ಥಾಪಿತವಾದರೆ ಅವರನ್ನೂ ಅದರೊಳಗೆ ತರುವ ದಾರಿ ತೆರೆಯುವುದೆಂದು ಮಾತ್ರ ಇಲ್ಲಿ ಹೇಳಿ ಮುಗಿಸುತ್ತೇವೆ.

ತರುಣಿಯರಿಗೆ ನಮ್ಮದೊಂದು ಮಾತು. ನೇಮಕದ ಆಜ್ಞೆಯನ್ನು ಭಯದಿಂದ ಹಿಂದಿರುಗಿಸುವ ಮೊದಲು ದಿನಗಳನ್ನು ಎಣಿಸಿ ನೋಡಿರಿ. ಷರತ್ತುಗಳನ್ನು ಬರೆವಣಿಗೆಯಲ್ಲಿ ಪಡೆಯಿರಿ. ರಜೆಯ ಸೂಚನೆಯನ್ನೂ ಬರೆದೇ ಕೊಡಿರಿ. ಹಿರಿಯರೂ 'ಈ ಸ್ಥಿತಿಯಲ್ಲಿ ಹೊಸ ಕೆಲಸವೇಕೆ?' ಎಂದು ಅವರ ಉತ್ಸಾಹವನ್ನು ಕುಂದಿಸದೆ, ಮನೆಯ ಕೆಲಸದಲ್ಲಿ ಕೈಗೂಡಿಸಲಿ. ಅಧಿಕಾರಿಗಳಾದ ವಾಚಕರಲ್ಲಿ ನಮ್ಮ ವಿನಂತಿಯು ಇನ್ನೂ ಚಿಕ್ಕದು. ನಾಳೆ ನಿಮ್ಮ ಮೇಜಿನ ಎದುರಿಗೆ ಅಂತಹ ಅಭ್ಯರ್ಥಿಯೊಬ್ಬಳು ಬಂದು ಕುಳಿತಾಗ, ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಕೇಳಿರಿ. ದೇಶವನ್ನು ತಾಯಿಯೆಂದು ಕರೆದು ಕೈಮುಗಿಯುವ ನಾವು, ತಾಯಿಯಾಗಲಿರುವವಳನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸುವುದು ನಮ್ಮ ಸ್ವಾತಂತ್ರ್ಯಕ್ಕೆ ಶೋಭಿಸದು.