ಬೇರಿಗೆ ಬೇಲಿ, ಮಾತ್ರೆಗೆ ಬಯಲು

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜ್ವರಕ್ಕೆ ಬೇರು ಅರೆದು ಕುಡಿದರೆ ಅದು ಮೌಢ್ಯ. ಪಟ್ಟಣಿಗರು ನೆಗಡಿಗೆ ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ನುಂಗಿದರೆ ಅದು ಜಾಣತನ! ನೆಗಡಿ ತರುವುದು ವೈರಾಣು. ಆಂಟಿಬಯಾಟಿಕ್ ಅದನ್ನು ಕೊಲ್ಲದು. ಬದಲಿಗೆ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತೆ ಬಲಿಯುತ್ತವೆ. 2014ರಿಂದ ಜಾರಿಯಲ್ಲಿರುವ ಎಚ್‌1 ಅನುಸೂಚಿಯು ಇಂತಹ ಹಲವು ಔಷಧಗಳಿಗೆ ಚೀಟಿಯನ್ನೂ ಮಾರಾಟದ ದಾಖಲೆಯನ್ನೂ ಕಡ್ಡಾಯಗೊಳಿಸಿದೆ. ಅಂಗಡಿಯಲ್ಲಿ ಕೇಳುವವರಾರು?

ಇತ್ತ 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಬಳಿಕ ಸೋಲಿಗರ ಸಮುದಾಯ ಅರಣ್ಯ ಹಕ್ಕು ಮಾನ್ಯವಾಗಲು 2011ರವರೆಗೆ ಕಾಯಬೇಕಾಯಿತು. ಕಾಡಿನ ಮದ್ದೆಲ್ಲ ನಿರಪಾಯವೆಂದಲ್ಲ. ವಿಷದ ಹಾವು ಕಡಿದರೆ ಆಸ್ಪತ್ರೆಯ ಪ್ರತಿವಿಷವೇ ಗತಿ. ಆದರೆ ಆಸ್ಪತ್ರೆ ದೂರವಿರುವ ಪೋಡಿನಿಂದ ಬೇರನ್ನೂ ಕಸಿದರೆ ಉಳಿಯುವುದು ಅಂಗಡಿಯ ಮಾತ್ರೆಯೊಂದೇ. ಸ್ವವೈದ್ಯವನ್ನು ಹಳಿಯುವ ಮುನ್ನ ಸರ್ಕಾರವು ಪೋಡಿಗೆ ವೈದ್ಯರನ್ನು ಕಳುಹಿಸಲಿ, ಅಂಗಡಿಗೆ ಕಾನೂನನ್ನು ಕಳುಹಿಸಲಿ.