ಗಾಳಿಗೆ ಎಷ್ಟು ಲೆಕ್ಕ?

ಪಂಕ್ಚರ್ ಅಂಗಡಿಯಲ್ಲಿ ‘ಮೂವತ್ತೆರಡು ಹಾಕಿ’ ಎಂದರೆ ಸಾಕು, ಗಾಳಿ ಹಿಡಿಯುವ ಹುಡುಗ ಮರುಪ್ರಶ್ನೆ ಕೇಳುವುದಿಲ್ಲ. ಅದು ಪಿಎಸ್‌ಐ, ಅಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡುಗಳ ಲೆಕ್ಕ. ಅದೇ ಕಾರಿನ ಬಾಗಿಲಂಚಿನ ಚೀಟಿಯಲ್ಲಿ 220 ಕೆಪಿಎ ಎಂದೋ 2.2 ಬಾರ್ ಎಂದೋ ಅಚ್ಚಾಗಿದ್ದರೆ ಮಾಲೀಕರು ತಬ್ಬಿಬ್ಬಾಗುತ್ತಾರೆ. ಮೂರೂ ಹೇಳುವುದು ಹೆಚ್ಚುಕಡಿಮೆ ಒಂದೇ ಒತ್ತಡವನ್ನು. ಒಂದು ಬಾರ್ ಎಂದರೆ 100 ಕಿಲೋಪಾಸ್ಕಲ್ (ಕೆಪಿಎ), ಸುಮಾರು 14.5 ಪಿಎಸ್‌ಐ. ಇಷ್ಟೊಂದು ಮಾನಗಳು ಹುಟ್ಟಿದ್ದಕ್ಕೆ ಚರಿತ್ರೆಯೇ ಕಾರಣ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ, ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಬೋರಲು ನಿಲ್ಲಿಸಿದ. ಹೊರಗಿನ ಗಾಳಿ ಸುಮಾರು 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯಬಲ್ಲದು ಎಂಬುದು ಹಾಗೆ ತಿಳಿಯಿತು. 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನ ಕೈಯಲ್ಲಿ ಅಂಥದೇ ಕೊಳವೆ, ಪಾದರಸಗಳನ್ನು ಬೆಟ್ಟಕ್ಕೆ ಹೊರಿಸಿದ. ಮೇಲೇರಿದಂತೆ ಪಾದರಸ ಕೆಳಗಿಳಿಯಿತು. ಎಂಥ ಸರಳ, ಎಂಥ ಸುಂದರ ಪ್ರಯೋಗ! ಅವನ ಹೆಸರು ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಸೇರಿದ್ದು ಮಾತ್ರ 1971ರಲ್ಲಿ. ವೈದ್ಯರು ಇಂದಿಗೂ ಪಾದರಸವನ್ನು ಬಿಟ್ಟಿಲ್ಲ: ಬಿ.ಪಿ. 120/80 ಎಂಬುದು ಮಿಲಿಮೀಟರ್ ಲೆಕ್ಕ. ಕಿಲೋಪಾಸ್ಕಲ್‌ನಲ್ಲಿ ಅದು 16/10.7. ಜನ ನಿಜಕ್ಕೂ ಎಡವುವುದು ಇನ್ನೊಂದು ಕಡೆ. ಟೈರಿನ ಮಾಪಕ ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಾದ ಒತ್ತಡವನ್ನಷ್ಟೆ. ಆದ್ದರಿಂದ ಸೊನ್ನೆ ತೋರಿಸುವ ಟೈರಿನೊಳಗೂ, ಸಮುದ್ರಮಟ್ಟದಲ್ಲಾದರೆ, 14.7 ಪಿಎಸ್‌ಐ ಗಾಳಿ ಇದ್ದೇ ಇರುತ್ತದೆ. ಚೀಟಿಯ ಅಂಕಿಯ ಜೊತೆಗೆ ಅದರ ಮುಂದಿನ ಮಾನವನ್ನೂ ದಯವಿಟ್ಟು ಓದಿಕೊಳ್ಳಿ. ಕೆಪಿಎ ಅಂಕಿಯನ್ನು 7ರಿಂದ ಭಾಗಿಸಿದರೆ ಪಿಎಸ್‌ಐ ಹತ್ತಿರಹತ್ತಿರ ಸಿಕ್ಕಿಬಿಡುತ್ತದೆ.