ಗೋಧಿಗೆ ಹಿಮದ ಕೌದಿ

 

ಹಿಮ ಬಿದ್ದರೆ ಬೆಳೆ ಸತ್ತೇ ಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಉತ್ತರ ಚೀನಾದ ರೈತರು ಚಳಿಗಾಲದಲ್ಲಿ ಹಿಮ ಬೀಳಲಿ ಅಂತ ಕಾಯ್ತಾರೆ. ಹಳೇ ಪಂಚಾಂಗದ ಲೆಕ್ಕ ಎಲ್ಲಾ ಮೂಢನಂಬಿಕೆ ಅಂತ ಕೆಲವರು ನಗ್ತಾರೆ. ಅದು ತಪ್ಪು ಎಂದು ನನ್ನ ಅಭಿಪ್ರಾಯ. ಯಾಕೆ ಅಂತ ಚೀನಾದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಚೀನಾದವರು ಸೂರ್ಯನ ಒಂದು ವರ್ಷದ ದಾರಿಯನ್ನು 24 ಭಾಗ ಮಾಡಿದ್ದಾರೆ. ವೃತ್ತಕ್ಕೆ 360 ಡಿಗ್ರಿ ಅಂತ ಗಣಿತದಲ್ಲಿ ಓದಿದ್ದೇವಲ್ಲ, ಅದರಂತೆ ಒಂದು ಭಾಗಕ್ಕೆ 15 ಡಿಗ್ರಿ, ಅಂದರೆ ಸುಮಾರು 15 ದಿನ. ಈ ಲೆಕ್ಕ ಹುಟ್ಟಿದ್ದು ಹಳದಿ ನದಿಯ ಸೀಮೆಯಲ್ಲಿ. 24ರಲ್ಲಿ 6 ಭಾಗ ಚಳಿಗಾಲದವು: ಚಳಿಗಾಲದ ಆರಂಭ, ಸಣ್ಣ ಹಿಮ, ದೊಡ್ಡ ಹಿಮ, ಚಳಿಗಾಲದ ತುದಿ, ಸಣ್ಣ ಚಳಿ, ದೊಡ್ಡ ಚಳಿ. ಇವು ನವೆಂಬರ್ 7ರ ಸುಮಾರಿಗೆ ಶುರುವಾಗಿ ಫೆಬ್ರುವರಿ 4ರ ಸುಮಾರಿಗೆ ಮುಗಿಯುತ್ತವೆ. 2016ರಲ್ಲಿ ಯುನೆಸ್ಕೋ ಈ ಲೆಕ್ಕವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿ ಗೋಧಿಯನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಬಿತ್ತುತ್ತಾರೆ. ಸಸಿ ಎದ್ದ ಮೇಲೆ ಹಿಮ ಬೀಳುತ್ತದೆ. ಹಿಮದ ಒಳಗೆ ಗಾಳಿ ತುಂಬಿರುವುದರಿಂದ ಅದು ಕೌದಿ ಹೊದಿಸಿದ ಹಾಗೆ ನೆಲವನ್ನು ಕೊರೆಯುವ ಚಳಿಯಿಂದ ಕಾಯುತ್ತದೆ. ವಸಂತದಲ್ಲಿ ಕರಗಿ ಬೇರಿಗೆ ನೀರೂ ಆಗುತ್ತದೆ. ಗೋಧಿ ಮೂರು ಕೌದಿ ಹೊದ್ದರೆ ಮುಂದಿನ ವರ್ಷ ಮಾಂತೋ ತಲೆದಿಂಬು ಮಾಡಿಕೊಂಡು ಮಲಗಬಹುದು ಅಂತ ಅಲ್ಲಿ ಗಾದೆ ಇದೆ. ಮಾಂತೋ ಅಂದರೆ ಗೋಧಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಉಂಡೆ. ಇನ್ನೊಂದು ವಿಷಯ, ಈ ಜಾತಿಯ ಗೋಧಿಗೆ ಕೆಲವು ವಾರ ಚಳಿ ತಾಗದಿದ್ದರೆ ಸರಿಯಾಗಿ ತೆನೆಯೇ ಬರುವುದಿಲ್ಲ. ಅಂದ ಮೇಲೆ ಚಳಿ ಬೆಳೆಯ ವೈರಿ ಹೇಗಾದೀತು?

ಹಾಗಂತ ಕಣ್ಣು ಮುಚ್ಚಿ ನಂಬಬೇಕೇ? ಬೇಡ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ‘ದೊಡ್ಡ ಹಿಮ’ದ ದಿನ ಬಂದರೂ ಹಿಮ ಬೀಳುವುದು ಬಲು ಅಪರೂಪ. ಉತ್ತರದಲ್ಲೂ ಚಳಿಗಾಲ ಮೊದಲಿಗಿಂತ ಬೆಚ್ಚಗಾಗಿದೆ. ಆದ್ದರಿಂದ ರೈತರು ಗೋಧಿಯನ್ನು ಹಿಂದಿನ ಕಾಲಕ್ಕಿಂತ ತಡವಾಗಿ ಬಿತ್ತುತ್ತಿದ್ದಾರೆ. ಸೂರ್ಯನ ಲೆಕ್ಕ ತಪ್ಪಿಲ್ಲ, ಹವಾಮಾನ ಬದಲಾಗಿದೆ. ಅವರು ಲೆಕ್ಕವನ್ನೂ ಇಟ್ಟುಕೊಂಡರು, ಹೊಲವನ್ನೂ ನೋಡಿದರು.

ನಮ್ಮ ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕವೇ. ಯುಗಾದಿ ಹಿಂದೆ ಮುಂದೆ ಆದರೂ ಮೃಗಶಿರಾ ಮಳೆ ಪ್ರತಿ ವರ್ಷ ಜೂನ್ 7, 8ರ ಸುಮಾರಿಗೇ ಕೂಡುತ್ತದೆ. ನಮ್ಮ ಅಜ್ಜ ಎಲ್ಲಾ ಮಳೆಗಳನ್ನು ಬೆರಳ ಮೇಲೆ ಎಣಿಸಿ ಹೇಳ್ತಾರೆ. ನಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ಬರ್ತದೆ? ಅಜ್ಜಂದಿರ ಜೊತೆಗೇ ಅದು ಹೋಗಿಬಿಟ್ಟರೆ ಆಮೇಲೆ ಯಾರನ್ನು ಕೇಳೋದು?

ಅದಕ್ಕೆ ನನ್ನದೊಂದು ಸಲಹೆ. ಶಾಲೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಯಾವ ನಕ್ಷತ್ರದಲ್ಲಿ ಮಳೆ ಬಂತು, ಯಾವಾಗ ಇಬ್ಬನಿ ಬಿತ್ತು, ಕಡಲೆ ಯಾವಾಗ ಹೂ ಬಿಟ್ಟಿತು, ಜೋಳ ಯಾವಾಗ ತೆನೆ ಹಿಡಿಯಿತು ಎಂದು ತಾರೀಖು ಹಾಕಿ ಬರೆಯೋಣ. ನಾವು ಹೈಸ್ಕೂಲಿಗೆ ಹೋದ ಮೇಲೆ ಮುಂದಿನ ಏಳನೇ ತರಗತಿಯವರು ಬರೆಯಲಿ. ಹತ್ತು ವರ್ಷ ಬರೆದರೆ ಹಿರಿಯರ ಮಾತಲ್ಲಿ ಯಾವುದು ಈಗಲೂ ನಿಜ, ಯಾವುದು ಬದಲಾಯ್ತು ಅಂತ ನಮ್ಮೂರಿನ ರೈತರಿಗೇ ತೋರಿಸಬಹುದು. ಗುರುಗಳು ಒಪ್ಪಿಗೆ ಕೊಡಬೇಕೆಂದು ಬೇಡುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ